ನಾಲ್ಕು ಕಿಸೆಯ ಕಥೆ ಚೀಲ: ಒಂದು ತಿಂಗಳಾಯ್ತು

ಬಾದಾಮಿಯ ನಮ್ಮ ಮನೆ ಪಡಸಾಲೆಯಲ್ಲಿ ಪ್ರತಿ ಶನಿವಾರ ಸಂಜೆ ಆರು ಮಕ್ಕಳು ಸೇರುತ್ತಾರೆ. ಐದರಿಂದ ಏಳು ವರ್ಷದವರು. ಕಥೆ ಕೇಳಲು ಎಲ್ಲರಿಗೂ ಇಷ್ಟ. ಹೇಳು ಅಂದರೆ ಮಾತ್ರ "ಆಮ್ಯಾಲೆ... ಆಮ್ಯಾಲೆ..." ಅಂತ ದಾರಿ ತಪ್ಪುತ್ತಾರೆ.

ಮೊದಲ ವಾರ

ಗುಳೇದಗುಡ್ಡ ಖಣದ ಉಳಿದ ತುಂಡುಗಳಿಂದ ನಾಲ್ಕು ಕಿಸೆಯ ಚೀಲ ಹೊಲಿದೆ. ಯಾರು, ಎಲ್ಲಿ, ಏನು ತೊಂದರೆ, ಹೆಂಗ ಮುಗೀತು. ಒಂದೊಂದಕ್ಕೂ ಬೇರೆ ಬಣ್ಣ, ಓದಲು ಬಾರದವರಿಗೂ ಗುರುತು ಸಿಗಲಿ ಅಂತ. ಮಕ್ಕಳು ಚಿತ್ರ ಬರೆದು ಸರಿಯಾದ ಕಿಸೆಗೆ ಹಾಕಬೇಕು.

ಎರಡನೇ ವಾರ

ವಾತಾಪಿಯ ಕಥೆ ತಗೊಂಡೆ. ರಾಕ್ಷಸ ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿ ಅತಿಥಿಗಳಿಗೆ ಉಣಿಸುತ್ತಿದ್ದ. ಆಮೇಲೆ ಹೆಸರು ಕೂಗಿದರೆ ವಾತಾಪಿ ಅವರ ಹೊಟ್ಟೆ ಸೀಳಿ ಹೊರಗೆ ಬರುತ್ತಿದ್ದ. ಈ ಕಥೆ ಮಹಾಭಾರತದ ವನಪರ್ವದಲ್ಲಿ ಬರುತ್ತೆ, ಆದರೆ ನಮ್ಮೂರಿನವರು ಅದು ಇಲ್ಲೇ ನಡೆದದ್ದು ಅನ್ನುತ್ತಾರೆ. ಊರಿನ ಹಳೆಯ ಹೆಸರೇ ವಾತಾಪಿ ಅಲ್ವಾ! ಕೂಸಿಗೆ ಉಣಿಸಿ ಹೊಟ್ಟೆ ಸವರುತ್ತಾ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಅನ್ನುವುದನ್ನು ಈ ಮಕ್ಕಳು ಮನೆಯಲ್ಲೇ ಕೇಳಿದ್ದಾರೆ.

ಇಲ್ವಲ, ವಾತಾಪಿ, ಅಗಸ್ತ್ಯ ಮೊದಲ ಕಿಸೆಗೆ ಬಂದರು. ಎರಡನೆಯದಕ್ಕೆ ಅಗಸ್ತ್ಯ ತೀರ್ಥದ ಹೊಂಡ. ಮೂರನೆಯದರಲ್ಲಿ ಸಿಕ್ಕಿಬಿದ್ದೆವು. ಒಬ್ಬ ಟಗರಿನ ಚಿತ್ರ ಹಾಕಿದ. ಇನ್ನೊಬ್ಬಳು ಅಡುಗೆಯ ಬೋಗುಣಿ ಹಾಕಿದಳು.

ಮತ್ತೆ ಮೊದಲಿಂದ ಹೇಳಿದೆ. ಟಗರಾಗಿದ್ದ ವಾತಾಪಿಯನ್ನು ಅಗಸ್ತ್ಯರು ಉಂಡಾಯ್ತು. ಇಲ್ವಲ "ವಾತಾಪಿ, ಹೊರಗ ಬಾ" ಅಂತ ಕೂಗಿದ. ಅಲ್ಲಿಗೆ ನಿಲ್ಲಿಸಿಬಿಟ್ಟೆ. ಯಾರೂ ಉಸಿರೆತ್ತಲಿಲ್ಲ. ಮುಂದೆ ಕೂತಿದ್ದ ಹುಡುಗಿ ತನ್ನ ಹೊಟ್ಟೆಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಕ್ಕಾರ, ಈಗ ಅಜ್ಜನ ಹೊಟ್ಟಿ ಒಡೀತೈತೇನ್ರಿ?"

ನಾನು ಹುಡುಕುತ್ತಿದ್ದ ಮೂರನೇ ಕಿಸೆ ಅದೇ. ಅವತ್ತಿನಿಂದ "ತೊಂದರೆ ಏನು" ಅಂತ ಕೇಳುವುದು ಬಿಟ್ಟೆ. "ಯಾರಿಗೆ ಏನು ಬೇಕು? ಅಡ್ಡ ಬಂದದ್ದು ಏನು?" ಅಂತ ಕೇಳುತ್ತೇನೆ. ಸಣ್ಣವರಿಗೆ ಇದು ಎಷ್ಟೋ ಜಾಸ್ತಿ ತಿಳಿಯುತ್ತೆ.

ಮೂರನೇ ವಾರ

ಬನಶಂಕರಿ ಜಾತ್ರೆ. ಇಬ್ಬರೇ ಬಂದಿದ್ದರು, ಸುಮ್ನೆ ಚಿತ್ರ ಬರೆದೆವು.

ನಾಲ್ಕನೇ ವಾರ

ಈ ಸಲ ಅವರದೇ ಕಥೆ. ಒಬ್ಬ ಹುಡುಗ ಹೇಳಿದ: ಗುಹೆಯ ಮೆಟ್ಟಿಲ ಹತ್ತಿರ ತಂಗಿಯ ಕೈಯಿಂದ ಮಂಗ ರೊಟ್ಟಿ ಕಸಿದುಕೊಂಡು ಓಡಿತು, ಮುಗೀತು. ಉಳಿದವರು ಒಪ್ಪಲಿಲ್ಲ. "ತಂಗಿಗೆ ರೊಟ್ಟಿ ಸಿಕ್ತೇನು?" ಅಂತ ಅವರೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅವನು ಸ್ವಲ್ಪ ಯೋಚಿಸಿದ. "ನನ್ನ ರೊಟ್ಟ್ಯಾಗ ಅರ್ಧಾ ಮುರದು ಕೊಟ್ನಿ" ಅಂದ.

ಆ ಅರ್ಧ ರೊಟ್ಟಿಯ ಚಿತ್ರ ಈಗ ನಾಲ್ಕನೇ ಕಿಸೆಯಲ್ಲಿದೆ. ಎಲ್ಲರೂ ಕೈ ಹಾಕಿ ಹಾಕಿ ಮೂರನೆಯದರ ಹೊಲಿಗೆ ಬಿಚ್ಚಿದೆ. ಶನಿವಾರದೊಳಗೆ ಎರಡು ಸಾಲು ಹೊಲಿಗೆ ಹಾಕಬೇಕು.