ದೊಡ್ಡಪ್ಪನ ಮಿದುಳಿನ ಸ್ಕ್ಯಾನ್

ದೊಡ್ಡಪ್ಪ ಚಿಕ್ಕಪೇಟೆಯಲ್ಲಿ ಟೈಲರ್ ಆಗಿದ್ದವರು. ಈಗ ಬಸವನಗುಡಿಯ ಮನೆಯಿಂದ ಗಾಂಧಿ ಬಜಾರಿಗೆ ಹೋದರೆ ವಾಪಸ್ ಬರೋ ದಾರಿ ಗೊತ್ತಾಗುವುದಿಲ್ಲ. ಎಂಆರ್‌ಐ, ಬಿ12, ಥೈರಾಯ್ಡ್ ಎಲ್ಲ ಆಯಿತು. ಅಲ್ಝೈಮರ್ ಅನುಮಾನ ಇದ್ದೇ ಇತ್ತು. "ಮಿದುಳಲ್ಲಿ ರಕ್ತ ಎಲ್ಲಿ ಕಡಿಮೆ ಹರೀತಿದೆ ನೋಡೋಣ" ಅಂತ ಡಾಕ್ಟರು ಸ್ಪೆಕ್ಟ್ ಸ್ಕ್ಯಾನ್ ಬರೆದುಕೊಟ್ಟರು.

ಹೋದ ಕೂಡಲೇ ಮೆಷಿನ್ ಒಳಗೆ ಮಲಗಿಸುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ಮಂದ ಬೆಳಕಿನ ಕೋಣೆಯಲ್ಲಿ ಸುಮ್ನೆ ಮಲಗಬೇಕು. ಮಾತಿಲ್ಲ, ಮೊಬೈಲ್ ಇಲ್ಲ. ಮಾತಾಡಿದರೆ ಆ ಕೆಲಸದ ಭಾಗಕ್ಕೆ ರಕ್ತ ಜಾಸ್ತಿ ಹೋಗಿ ಚಿತ್ರ ಬದಲಾಗುತ್ತದಂತೆ. ಆಮೇಲೆ ಟೆಕ್ನೀಷಿಯಮ್ ಅನ್ನೋ, ಸ್ವಲ್ಪ ವಿಕಿರಣ ಸೂಸುವ ವಸ್ತು ಬೆರೆಸಿದ ಇಂಜೆಕ್ಷನ್. ಅದು ರಕ್ತದ ಜೊತೆ ಮಿದುಳಿಗೆ ಹೋಗಿ, ಕೆಲವೇ ನಿಮಿಷಗಳಲ್ಲಿ ಅಲ್ಲೇ ನಿಂತುಬಿಡುತ್ತದೆ. ರಕ್ತ ಹೆಚ್ಚು ಹೋದ ಕಡೆ ಹೆಚ್ಚು, ಕಡಿಮೆ ಹೋದ ಕಡೆ ಕಡಿಮೆ. ಹಾಗಾಗಿ ಒಂದು ಗಂಟೆ ಬಿಟ್ಟು ಸ್ಕ್ಯಾನ್ ಮಾಡಿದರೂ ಕಾಣುವುದು ಇಂಜೆಕ್ಷನ್ ಕೊಟ್ಟ ಹೊತ್ತಿನ ಚಿತ್ರ. ನನಗಂತೂ ಇದೇ ದೊಡ್ಡ ಆಶ್ಚರ್ಯ.

ಕಾಯುವಾಗ ದೊಡ್ಡಪ್ಪ ಹಾಸಿಗೆಯ ಬೆಡ್‌ಶೀಟಿನ ಅಂಚು ಹಿಡಿದುಕೊಂಡರು. ಹೊಲಿಗೆ ಬಿಟ್ಟಿತ್ತು. ಎರಡು ಬೆರಳಲ್ಲಿ ಒಂದೇ ಅಳತೆಗೆ ಮಡಿಸುತ್ತಾ, ಉಗುರಿಂದ ಗೀರುತ್ತಾ ಹೋದರು. "ಸೂಜಿ ದಾರ ತಗೊಂಬಾರೋ" ಅಂದರು. ನನ್ನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ರಿಪೋರ್ಟಿನ ಚಿತ್ರದಲ್ಲಿ ಕಿವಿಯ ಮೇಲ್ಭಾಗ, ಅದರ ಹಿಂದಿನ ಭಾಗ ಎರಡೂ ಕಡೆ ಮಂಕಾಗಿತ್ತು. ನೆನಪಿಗೂ ದಾರಿ ಗುರುತಿಗೂ ಬೇಕಾದ ಜಾಗಗಳು. ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಹೀಗೇ ಕಾಣುತ್ತದೆ, ಮುಂಭಾಗ ಮಂಕಾಗಿದ್ದರೆ ಬೇರೆ ಮರೆವಿನ ಕಾಯಿಲೆ ಯೋಚಿಸಬೇಕಾಗುತ್ತಿತ್ತು ಅಂದರು ಡಾಕ್ಟರು. "ಇದೊಂದನ್ನೇ ನೋಡಿ ತೀರ್ಮಾನ ಮಾಡಲ್ಲ" ಅಂತಲೂ ಸೇರಿಸಿದರು. ಹಳೆಯ ಪರೀಕ್ಷೆಗಳ ಜೊತೆ ಇಟ್ಟು ನೋಡಿ ಮಾತ್ರೆ ಶುರು ಮಾಡಿದರು.

ನನ್ನ ಕಣ್ಣು ಹೋಗಿದ್ದು ನಡುವಿನ ಹೊಳೆಯುವ ಪಟ್ಟಿಯ ಮೇಲೆ. ಕೈಕಾಲು ಆಡಿಸುವ, ಮುಟ್ಟಿದ್ದು ತಿಳಿಯುವ ಜಾಗ. ಈ ಕಾಯಿಲೆ ಅದನ್ನು ತುಂಬಾ ದಿನ ಮುಟ್ಟದೆ ಬಿಡುತ್ತದಂತೆ. ಬೆಡ್‌ಶೀಟಿನ ಅಂಚು ಅಷ್ಟು ನೇರ ಬಂದಿದ್ದು ಸುಮ್ನೆ ಅಲ್ಲ, ಅಲ್ವಾ?

"ಹಾಗಾದ್ರೆ ಹೊಲಿಯೋಕೆ ಕೊಡಬಹುದಾ?" ಕೇಳಿದೆ.

"ಧಾರಾಳವಾಗಿ. ಯಾರಾದ್ರೂ ಪಕ್ಕದಲ್ಲಿರಿ."

ಈಗ ಮನೆಯ ಹಳೇ ಶರ್ಟುಗಳೆಲ್ಲ ಅವರ ಮುಂದೆ. ಯಾರ ಶರ್ಟು ಅಂತ ಮತ್ತೆ ಮತ್ತೆ ಕೇಳುತ್ತಾರೆ, ಕಾಜ ಮಾತ್ರ ಅಚ್ಚುಕಟ್ಟು. ದೊಡ್ಡಮ್ಮನಿಗೆ ಇನ್ನೂ ಧೈರ್ಯ ಸಾಲದು. ಸೂಜಿ ಎಣಿಸಿ ಕೊಡುತ್ತಾರೆ, ಎಣಿಸಿ ವಾಪಸ್ ತಗೊಳ್ಳುತ್ತಾರೆ.