ಅಟ್ಟದ ಪೀಸಿಗೆ ಗ್ಲಾನ್ಸಸ್: ಇಲ್ಲಿವರೆಗೆ ಆದದ್ದು

ಅಟ್ಟದ ಮೇಲಿನ ಪೀಸಿ ಎಷ್ಟು ಬಿಸಿಯಾಗಿದೆ ಅನ್ನುವುದು ಈಗ ಹೋಮ್ ಅಸಿಸ್ಟೆಂಟ್‌ನಲ್ಲಿ, ಅಂದರೆ ಮನೆಯ ಸ್ಮಾರ್ಟ್ ಉಪಕರಣಗಳನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ, ಕಾಣುತ್ತಿದೆ. ಅಂಕಿ ಕೊಡುವುದು ಗ್ಲಾನ್ಸಸ್, ಕಂಪ್ಯೂಟರಿನ ಬಿಸಿ, ಬಳಕೆ ಎಲ್ಲ ಅಳೆದು ತೋರಿಸುವ ಟೂಲ್. ಬಿಸಿ ಏರಿದರೆ ಫ್ಯಾನ್ ತಾನಾಗಿಯೇ ತಿರುಗುತ್ತದೆ. ಕರೆಂಟ್ ಹೋದಾಗಿನ ಮೆಸೇಜ್ ಮಾತ್ರ ಇನ್ನೂ ಅರ್ಧ ಕೆಲಸ.

ಹೊಸಬರಿಗೆ ಸೆಟಪ್ ಹೇಳಿಬಿಡುತ್ತೇನೆ. ಪುಣೆಯ ಕೋಥ್ರೂಡ್‌ನ ನಮ್ಮ ಫ್ಲಾಟಿನಲ್ಲಿ ಬಾತ್‌ರೂಮ್ ಮೇಲಿನ ಅಟ್ಟದಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಅದಕ್ಕೆ ಉಬುಂಟು ಹಾಕಿದ್ದೇನೆ, ಮನೆಯ ಫೋಟೊಗಳು, ಜೆಲ್ಲಿಫಿನ್‌ನಲ್ಲಿರುವ (ನಮ್ಮದೇ ವೀಡಿಯೊ, ಹಾಡುಗಳನ್ನು ಟೀವಿಗೆ ಕಳಿಸುವ ಸಾಫ್ಟ್‌ವೇರ್) ಅಮ್ಮನ ಭಜನೆ, ನಾಟಕದ ವೀಡಿಯೊ ಎಲ್ಲ ಅದರಲ್ಲೇ. ಹೋಮ್ ಅಸಿಸ್ಟೆಂಟ್ ಬೇರೆ, ಅದು ಟೀವಿ ಹಿಂದಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ. ಎರಡನ್ನೂ ಒಂದೇ ಮಷೀನಿಗೆ ಹಾಕು ಅಂತ ಗೆಳೆಯನೊಬ್ಬ ಹೇಳಿದ್ದ. ನನಗೆ ಒಪ್ಪಿಗೆ ಆಗಲಿಲ್ಲ. ಪೀಸಿ ಮಲಗಿದೆ ಅಂತ ಹೇಳುವುದಕ್ಕೆ ಇನ್ನೊಬ್ಬರು ಎದ್ದಿರಬೇಕು ಅಲ್ವಾ?

ಇಷ್ಟಕ್ಕೂ ಕಾರಣ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 40 ಡಿಗ್ರಿ ಆಗುವುದುಂಟು, ಅಟ್ಟದಲ್ಲಿ ಗಾಳಿಯೇ ಆಡುವುದಿಲ್ಲ. "ಟೀವಿ ಮತ್ತೆ ಸುತ್ತುತ್ತಾ ಕೂತಿದೆ ನೋಡೋ" ಅಂತ ಅಮ್ಮ ಕೂಗುವುದೂ ಆ ಹೊತ್ತಿಗೇ. ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದೇ ಸಮಯಕ್ಕೆ ಜೆಲ್ಲಿಫಿನ್ ವೀಡಿಯೊವನ್ನು ಟ್ರಾನ್ಸ್‌ಕೋಡ್ ಮಾಡುತ್ತಿದ್ದರೆ, ಅಂದರೆ ಟೀವಿಗೆ ಹೊಂದುವ ರೂಪಕ್ಕೆ ಬದಲಿಸುತ್ತಿದ್ದರೆ, ಟೀವಿ ಕಾಯಬೇಕು, ಬೇರೆ ದಾರಿ ಇಲ್ಲ. ಅನುಮಾನ ಇತ್ತು, ಅಂಕಿ ಇರಲಿಲ್ಲ.

ಅದಕ್ಕೆ ಗ್ಲಾನ್ಸಸ್. ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ಟೂಲ್. ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಟರ್ಮಿನಲ್‌ನಲ್ಲಿ ಮಾತ್ರ ಓಡುತ್ತದೆ. ಹೋಮ್ ಅಸಿಸ್ಟೆಂಟ್‌ಗೆ ಬೇಕಿರುವುದು ವೆಬ್ ಸರ್ವರ್ ಮೋಡ್, ಅಂದರೆ ಅಂಕಿಗಳನ್ನು ನೆಟ್‌ವರ್ಕ್ ಮೂಲಕ ಕೊಡುವ ರೀತಿ, ಅದಕ್ಕೆ ವೆಬ್ ಭಾಗದ ಪ್ಯಾಕೇಜ್‌ಗಳನ್ನೂ ಸೇರಿಸಿಯೇ ಹಾಕಬೇಕು. ಆಮೇಲೆ ಅದು 61208 ಪೋರ್ಟ್‌ನಲ್ಲಿ ಕೂರುತ್ತದೆ. 2024ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ಎಪಿಐ ವಿಳಾಸವೂ (ಬೇರೆ ಸಾಫ್ಟ್‌ವೇರ್‌ಗಳು ಅಂಕಿ ಕೇಳುವ ವಿಳಾಸ) 3ರಿಂದ 4ಕ್ಕೆ ಬದಲಾಯಿತು. ಹಾಗಾಗಿ ಗ್ಲಾನ್ಸಸ್, ಹೋಮ್ ಅಸಿಸ್ಟೆಂಟ್ ಇವೆರಡರಲ್ಲಿ ಒಂದು ಹೊಸದು, ಇನ್ನೊಂದು ತೀರಾ ಹಳೆಯದು ಇದ್ದರೆ ಎರಡೂ ಮಾತಾಡುವುದಿಲ್ಲ, ಮೊದಲು ಎರಡನ್ನೂ ಅಪ್‌ಡೇಟ್ ಮಾಡಿಕೊಳ್ಳಿ. ಪಾಸ್‌ವರ್ಡ್ ಹಾಕಲೇಬೇಕು, ತಾನಾಗಿ ಅದು ಕೇಳುವುದಿಲ್ಲ. ರೌಟರ್‌ನಲ್ಲಿ ಈ ಪೋರ್ಟನ್ನು ಹೊರಗೆ ತೆರೆಯುವ ಯೋಚನೆಯೇ ಬೇಡ. ಪೀಸಿ ಆನ್ ಆದ ಕೂಡಲೇ ಶುರುವಾಗಲಿ ಅಂತ ಸಿಸ್ಟಮ್‌ಡಿ ಸರ್ವಿಸ್ ಒಂದನ್ನು ಬರೆದೆ. ಹೋಮ್ ಅಸಿಸ್ಟೆಂಟ್ ಕಡೆ ಗ್ಲಾನ್ಸಸ್ ಇಂಟಿಗ್ರೇಶನ್ (ಎರಡನ್ನೂ ಜೋಡಿಸುವ ಭಾಗ) ಸೇರಿಸಿ ಐಪಿ, ಪೋರ್ಟ್, ಪಾಸ್‌ವರ್ಡ್ ಕೊಟ್ಟರೆ ಆಯಿತು.

ಬಂದ ಸೆನ್ಸರ್‌ಗಳ ಪಟ್ಟಿ ನೋಡಿ ತಲೆ ತಿರುಗಿತು. ಸಿಪಿಯು, ಮೆಮೊರಿ, ಸ್ವಾಪ್, ಲೋಡ್, ಒಂದೊಂದು ಡಿಸ್ಕಿಗೂ ಬಳಸಿದ್ದು, ಉಳಿದದ್ದು, ಶೇಕಡಾ ಎಷ್ಟು, ಪ್ರತಿ ಕೋರ್‌ಗೂ ಬೇರೆ ಬೇರೆ ಟೆಂಪರೇಚರ್. ಇದನ್ನೆಲ್ಲ ಡ್ಯಾಶ್‌ಬೋರ್ಡ್‌ನಲ್ಲಿ ಗೇಜ್ ಮಾಡಿ ಹಾಕುವವರಿದ್ದಾರೆ, ನೋಡಲು ವಿಮಾನದ ಕಾಕ್‌ಪಿಟ್ ಥರ ಇರುತ್ತದೆ, ಎರಡು ದಿನ ಖುಷಿ, ಆಮೇಲೆ ಯಾರೂ ನೋಡುವುದಿಲ್ಲ. ನಾನು ಇಟ್ಟುಕೊಂಡದ್ದು ಮೂರೇ: 'ಪ್ಯಾಕೇಜ್ ಐಡಿ 0' ಅಂತ ಬರುವ ಇಡೀ ಪ್ರೊಸೆಸರ್‌ನ ಟೆಂಪರೇಚರ್, ಸಿಪಿಯು ಬಳಕೆ, ಫೋಟೊ ಡಿಸ್ಕಿನ ಶೇಕಡಾ. ಉಳಿದವನ್ನು ಡಿಸೇಬಲ್ ಮಾಡಿದೆ. ಪೈ ಓಡುತ್ತಿರುವುದು ಎಸ್‌ಡಿ ಕಾರ್ಡಿನ ಮೇಲೆ, ಹೋಮ್ ಅಸಿಸ್ಟೆಂಟ್‌ನ ರೆಕಾರ್ಡರ್ ಪ್ರತಿ ಬದಲಾವಣೆಯನ್ನೂ ಅದರಲ್ಲೇ ಬರೆಯುತ್ತದೆ, ಬೇಡದ ಅಂಕಿಗೆ ಕಾರ್ಡ್ ಯಾಕೆ ಸವೆಯಬೇಕು?

ಗ್ರಾಫ್ ಬಂದ ಮೇಲೆ ಅನುಮಾನ ಉಳಿಯಲಿಲ್ಲ. ಊಟ ಆದಮೇಲೆ ನಾಟಕ ಶುರು, ಸಿಪಿಯು ಗೆರೆ ನೆಟ್ಟಗೆ ಮೇಲೆ, ಅದರ ಬೆನ್ನಿಗೇ ಬಿಸಿಯ ಗೆರೆ.

ಈಗ ಒಂದು ಚಿಕ್ಕ ಟೇಬಲ್ ಫ್ಯಾನನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಿ ಅಟ್ಟದ ಬಾಯಿಗೆ ಇಟ್ಟಿದ್ದೇನೆ. ಪ್ರೊಸೆಸರ್ 70 ಡಿಗ್ರಿ ದಾಟಿ ಎರಡು ನಿಮಿಷ ಅಲ್ಲೇ ನಿಂತರೆ ಆನ್, 58ಕ್ಕಿಂತ ಇಳಿದರೆ ಆಫ್. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಫ್ಯಾನ್ ಆನ್ ಆಫ್ ಆಟವಾಡುತ್ತಲೇ ಇರುತ್ತದೆ. ಇನ್ನೊಂದು ವಿಷಯ, ಫ್ಯಾನ್ ಶುರು ಮಾಡುವ ಈ ಟ್ರಿಗರ್ ಕೆಲಸ ಮಾಡುವುದು ಅಂಕಿ ಗೆರೆ ದಾಟಿದಾಗ, ಗೆರೆಯ ಮೇಲೆ ಇದ್ದಷ್ಟು ಹೊತ್ತೂ ಅಲ್ಲ. ಆ ಎರಡು ನಿಮಿಷದ ನಡುವೆ ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದರೆ ಲೆಕ್ಕವೂ ಹೋಯಿತು. ಅದಕ್ಕೇ ಹದಿನೈದು ನಿಮಿಷಕ್ಕೊಮ್ಮೆ ಬಿಸಿ ನೋಡಿ ಬೇಕಿದ್ದರೆ ಫ್ಯಾನ್ ಹಾಕುವ ಇನ್ನೊಂದು ಆಟೋಮೇಶನ್ ಇಟ್ಟೆ.

ಉಳಿದದ್ದು ಕರೆಂಟ್. ಪೈ ಮತ್ತು ರೌಟರ್ ಇನ್ವರ್ಟರ್ ಲೈನಿನಲ್ಲಿವೆ, ಪೀಸಿ ಇಲ್ಲ. ಕರೆಂಟ್ ಹೋದರೆ ಗ್ಲಾನ್ಸಸ್ ಸೆನ್ಸರ್‌ಗಳು 'ಅನ್‌ಅವೈಲೇಬಲ್' ಆಗುತ್ತವೆ. ಐದು ನಿಮಿಷ ಹಾಗೇ ಇದ್ದರೆ ಫೋನಿಗೆ ಮೆಸೇಜ್. ಆದರೆ ಪುಣೆಯಲ್ಲಿ ಲೈನ್ ರಿಪೇರಿಗೆ ಕರೆಂಟ್ ತೆಗೆಯುವುದು ಗುರುವಾರ, ಆವತ್ತು ಆಫೀಸಿನಲ್ಲಿ ಕೂತು ಈ ಮೆಸೇಜ್ ನೋಡಿ ಮಾಡುವುದಾದರೂ ಏನು? ಗುರುವಾರ ಹಗಲು ಸುಮ್ಮನಿರು, ಸಂಜೆ ಆರಕ್ಕೂ ಬಂದಿಲ್ಲದಿದ್ದರೆ ಮಾತ್ರ ಹೇಳು ಅನ್ನುವ ಕಂಡಿಶನ್ ಬರೆಯುತ್ತಿದ್ದೇನೆ. ಕರೆಂಟ್ ಬಂದಾಗ ಪೀಸಿ ತಾನೇ ಏಳುವಂತೆ ಬಯಾಸ್‌ನಲ್ಲಿ (ಉಬುಂಟುಗೂ ಮೊದಲು ಓಡುವ ಪೀಸಿಯ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಮಾಡಿಯಾಗಿದೆ. ಇದು ಮುಗಿದ ಮೇಲೆ ಫೋಟೊ ಡಿಸ್ಕ್ 85 ಶೇಕಡಾ ತುಂಬಿದಾಗ ತಂಗಿಗೂ ಒಂದು ಮೆಸೇಜ್ ಹೋಗಬೇಕು, ಅದನ್ನು ತುಂಬಿಸುತ್ತಿರುವುದು ಅವಳ ಮಗನ ವೀಡಿಯೊಗಳೇ.