ಪಕ್ಕಪಕ್ಕದ ಮೇಜುಗಳಲ್ಲಿ ಒಂದೇ ಗೋಧಿ

ಶಾಲೆಯಲ್ಲಿ ಭೂಗೋಳ ಕಲಿಸುವವಳು ನಾನು. ಮಧ್ಯ ಏಷ್ಯಾದ ಪಾಠ ಬಂದಾಗಲೆಲ್ಲ ಗೋಡೆಗೆ ನಕಾಶೆ ತೂಗುಹಾಕಿ ಉಜ್ಬೇಕಿಸ್ತಾನ, ತಜಿಕಿಸ್ತಾನ, ಕಿರ್ಗಿಸ್ತಾನಗಳ ಗಡಿ ತೋರಿಸುತ್ತೇನೆ. ಫರ್ಗಾನಾ ಕಣಿವೆಯಲ್ಲಿ ಈ ಮೂರೂ ಗಡಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ, ಮಕ್ಕಳಿಗೆ ನೋಡಿ ಬರೆದುಕೊಳ್ಳುವುದೇ ಕಷ್ಟ. ಆ ಗೆರೆಗಳ ಒಳಗಿನ ಬದುಕಿನ ಬಗ್ಗೆ ಹೇಳಲು ಬಹಳ ಕಾಲ ನನ್ನ ಹತ್ತಿರ ಇದ್ದದ್ದು ಹತ್ತಿ ಬೆಳೆ ಮತ್ತು ಬತ್ತಿದ ಅರಲ್ ಸಮುದ್ರ ಮಾತ್ರ. ನಮ್ಮ ನಗರದ ರಾಯಭಾರ ಕಚೇರಿಗಳ ಕಾರ್ಯಕ್ರಮಗಳಿಗೆ ಹೋಗತೊಡಗಿದ ಮೇಲೆ ಆ ಪಾಠ ತಾನಾಗಿಯೇ ಉದ್ದವಾಯಿತು.

ಮೊದಲು ನವ್‌ರೂಜ್ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನು ತಪ್ಪಿಸಿಕೊಳ್ಳಲು ಇಷ್ಟಪಡದ ಸಂಜೆ ಅದು. ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುವ ಈ ಹೊಸವರ್ಷವನ್ನು ಇರಾನ್, ಅಫ್ಘಾನಿಸ್ತಾನ, ಅಜರ್‌ಬೈಜಾನ್‌ಗಳಲ್ಲೂ ಮಧ್ಯ ಏಷ್ಯಾದ ಉದ್ದಗಲಕ್ಕೂ ಆಚರಿಸುತ್ತಾರೆ. ವಿಶ್ವಸಂಸ್ಥೆ 2010ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ದಿನದ ಮಾನ್ಯತೆ ಕೊಟ್ಟಿತು. ಹಲವು ರಾಯಭಾರ ಕಚೇರಿಗಳು ಕೂಡಿ ಒಂದೇ ಸಭಾಂಗಣದಲ್ಲಿ, ದೇಶಕ್ಕೊಂದು ಮೇಜಿನಂತೆ ಇದನ್ನು ನಡೆಸುತ್ತವೆ. ಇರಾನಿನ ಮೇಜಿನ ಮೇಲೆ ಹಫ್ತ್ ಸೀನ್, ಅಂದರೆ ಪರ್ಷಿಯನ್ನಿನ ‘ಸೀನ್’ ಅಕ್ಷರದಿಂದ ಹೆಸರು ಶುರುವಾಗುವ ಏಳು ವಸ್ತುಗಳು: ಮೊಳಕೆಯೊಡೆದ ಗೋಧಿಹುಲ್ಲು, ಸೇಬು, ಬೆಳ್ಳುಳ್ಳಿ, ವಿನೆಗರ್, ಸುಮಾಕ್ ಪುಡಿ, ಒಣಗಿದ ಸೆಂಜೆದ್ ಹಣ್ಣು, ಗೋಧಿ ಮೊಳಕೆಯಿಂದ ಮಾಡಿದ ಗಟ್ಟಿ ಸಿಹಿ ಸಮನು. ಜೊತೆಗೆ ಕನ್ನಡಿ, ಬಣ್ಣದ ಮೊಟ್ಟೆ, ಹಾಫಿಜನ ಕವಿತೆಗಳ ಪುಸ್ತಕ. ಅಜರ್‌ಬೈಜಾನಿನ ಮೇಜಿನಲ್ಲೂ ಗೋಧಿಹುಲ್ಲೇ, ಆದರೆ ಅದರ ನಡುವಿಗೆ ಕೆಂಪು ರಿಬ್ಬನ್. ಅಫ್ಘನ್ನರ ಮೇಜಿನಲ್ಲಿ ಏಳು ಬಗೆಯ ಒಣಹಣ್ಣು ಮತ್ತು ಬೀಜಗಳನ್ನು ನೀರಲ್ಲಿ ನೆನೆಸಿಟ್ಟ ಹಫ್ತ್ ಮೇವಾ, ಆ ನೀರು ಕುಡಿದರೆ ಸಕ್ಕರೆಯೇ ಬೇಡ ಅನ್ನುವಷ್ಟು ಸಿಹಿ.

ಉಜ್ಬೆಕ್ ಮೇಜಿನ ಬಳಿ ಒಬ್ಬ ಹಿರಿಯ ಹೆಂಗಸು ಕಂದು ಬಣ್ಣದ ಗಟ್ಟಿ ಪಾಯಸದಂಥದ್ದನ್ನು ಬಟ್ಟಲಿಗೆ ಹಾಕಿ ಕೊಟ್ಟರು. ಸುಮಲಕ್. ಗೋಧಿಯನ್ನು ಮೊಳಕೆ ಬರಿಸಿ, ಅರೆದು, ಹಿಂಡಿದ ರಸಕ್ಕೆ ಹಿಟ್ಟು ಸೇರಿಸಿ, ದೊಡ್ಡ ಕಡಾಯಿಯಲ್ಲಿ ರಾತ್ರಿಯಿಡೀ ತಿರುವುತ್ತಾರೆ. ತಳ ಹಿಡಿಯದಿರಲೆಂದು ನುಣುಪಾದ ಸಣ್ಣ ಕಲ್ಲುಗಳನ್ನೂ ಕಡಾಯಿಗೆ ಹಾಕಿರುತ್ತಾರೆ. ಯಾರ ಬಟ್ಟಲಿಗೆ ಕಲ್ಲು ಬರುತ್ತದೋ ಅವರು ಮನಸ್ಸಿನಲ್ಲೇ ಒಂದು ಆಸೆ ನೆನೆದುಕೊಳ್ಳಬೇಕು. ಅದರಲ್ಲಿ ಒಂದು ಹರಳು ಸಕ್ಕರೆಯೂ ಇಲ್ಲ. ಮೊಳಕೆಯೊಡೆಯುವಾಗ ಧಾನ್ಯದ ಪಿಷ್ಟವೇ ಸಕ್ಕರೆಯಾಗುತ್ತದೆ, ರುಚಿ ಬರುವುದು ಅಲ್ಲಿಂದ. ನಾನು ಬಟ್ಟಲು ಕೈಯಲ್ಲಿ ಹಿಡಿದೇ ಇರಾನಿನ ಮೇಜಿಗೆ ಹೋಗಿ ಸಮನು ರುಚಿ ನೋಡಿದೆ. ಅದೇ ಮೊಳಕೆ, ಅದೇ ಕಂದು, ಸ್ವಲ್ಪ ಬೇರೆ ಹದ. ಟೆಹರಾನಿನಿಂದ ತಾಷ್ಕೆಂಟಿನವರೆಗೆ ಎಷ್ಟು ಸಾಮ್ರಾಜ್ಯಗಳು ಬಂದು ಹೋದವು, ಎಷ್ಟು ಸಲ ಗೆರೆ ಎಳೆದು ಅಳಿಸಿದರು, ಗೋಧಿ ಮಾತ್ರ ಅದೇ ರೀತಿ ಮೊಳೆಯುತ್ತ ಬಂದಿದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲದ್ದು ನನಗೆ ನಿಜವಾಗಿ ಬೇಸರ.

ಅಲ್ಲೇ ಇನ್ನೊಂದು ವಿಷಯ ಕೇಳಿ ತಿಳಿದೆ. ಇರಾನಿನಲ್ಲಿ ವರ್ಷ ಬದಲಾಗುವುದು ನಡುರಾತ್ರಿ ಗಡಿಯಾರ ನೋಡಿ ಅಲ್ಲ, ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ವಸಂತ ವಿಷುವದ ಆ ಕ್ಷಣಕ್ಕೇ. ಸೂರ್ಯ ಆಕಾಶದ ಸಮಭಾಜಕವನ್ನು ದಾಟುವ ಗಳಿಗೆಯನ್ನು ಸೆಕೆಂಡಿನ ಮಟ್ಟಕ್ಕೆ ಲೆಕ್ಕ ಹಾಕಿ ಪ್ರಕಟಿಸುತ್ತಾರೆ, ಮನೆಮಂದಿ ಹಫ್ತ್ ಸೀನ್ ಸುತ್ತ ಕೂತು ಅದಕ್ಕಾಗಿ ಕಾಯುತ್ತಾರೆ. ಒಂದು ವಸಂತ ವಿಷುವದಿಂದ ಮುಂದಿನ ವಸಂತ ವಿಷುವಕ್ಕೆ 365 ದಿನಗಳ ಮೇಲೆ ಸುಮಾರು ಐದು ಮುಕ್ಕಾಲು ಗಂಟೆ ಹಿಡಿಯುವುದರಿಂದ ಆ ಗಳಿಗೆ ಒಂದು ವರ್ಷ ನಸುಕಿನಲ್ಲಿ ಬಂದರೆ ಇನ್ನೊಂದು ವರ್ಷ ನಡುಮಧ್ಯಾಹ್ನ ಬರುತ್ತದೆ. ನಸುಕಿನ ವರ್ಷಗಳಲ್ಲಿ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿ ಕೂರಿಸುವುದೇ ಹಬ್ಬದ ಮೊದಲ ಕೆಲಸ ಎಂದು ಅಲ್ಲಿದ್ದ ತಾಯಿಯೊಬ್ಬಳು ಹೇಳಿದಳು. ಪರಿಭ್ರಮಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗಿನ್ನೂ ಸಿಕ್ಕಿಲ್ಲ.

ಹೀಗಾಗಿ ಯಾರಾದರೂ ಯಾವ ಕಾರ್ಯಕ್ರಮಕ್ಕೆ ಹೋಗಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಹಬ್ಬದ ದಿನ ಹೋಗಿ. ರಾಷ್ಟ್ರೀಯ ದಿನದ ಔತಣಕೂಟಗಳಿಗೆ ಸಾಮಾನ್ಯವಾಗಿ ಆಹ್ವಾನ ಬೇಕು, ಅಲ್ಲಿ ಭಾಷಣಗಳಿಗೇ ಹೆಚ್ಚು ಸಮಯ. ಅದು ತಪ್ಪೆಂದು ನಾನು ಹೇಳುವುದಿಲ್ಲ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ ಮೂರನೇ ವಿಧಿ ಸಾಂಸ್ಕೃತಿಕ ಸಂಬಂಧ ಬೆಳೆಸುವುದನ್ನು ರಾಯಭಾರ ಕಚೇರಿಯ ಕೆಲಸಗಳಲ್ಲೇ ಸೇರಿಸಿದೆ, ತನ್ನ ಚೆಂದದ ಮುಖವನ್ನು ತೋರಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆದರೆ ಹಬ್ಬದ ದಿನ ಆ ದೇಶದವರು ನಮಗೆ ತೋರಿಸಲು ಬಂದಿರುವುದಿಲ್ಲ, ತಮಗಾಗಿ ಬಂದಿರುತ್ತಾರೆ. ಊರಿಂದ ದೂರವಿರುವ ವಿದ್ಯಾರ್ಥಿಗಳು, ದಾದಿಯರು, ಎಂಜಿನಿಯರುಗಳು ಅಡುಗೆ ಹೊತ್ತು ತಂದಿರುತ್ತಾರೆ, ಮಕ್ಕಳನ್ನು ಗದರಿಸುತ್ತಿರುತ್ತಾರೆ. ನಾವು ಪಕ್ಕಕ್ಕೆ ನಿಂತರೂ ಸಾಕು, ಕಲಿಯಲು ಬೇಕಾದಷ್ಟಿರುತ್ತದೆ.

ಇಥಿಯೋಪಿಯಾದವರ ಕಾಫಿಯ ಬಗ್ಗೆ ಹೇಳಲೇಬೇಕು. ಅವರ ಹೊಸವರ್ಷ ಎನ್ಕುಟಾಟಾಷ್ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ ಬರುತ್ತದೆ. ಅವರ ಪಂಚಾಂಗದಲ್ಲಿ ಹದಿಮೂರು ತಿಂಗಳು. ನೆಲಕ್ಕೆ ಹಸಿ ಹುಲ್ಲು ಹರಡಿ, ಧೂಪ ಹಾಕಿ, ಹಸಿರು ಕಾಫಿ ಬೀಜವನ್ನು ನಮ್ಮ ಕಣ್ಣೆದುರೇ ಹುರಿಯುತ್ತಾರೆ. ಹುರಿದ ಬಾಣಲೆಯನ್ನು ಕೂತವರ ಮುಂದೆ ಹಿಡಿದು ಬರುತ್ತಾರೆ, ಹೊಗೆಯನ್ನು ಕೈಯಿಂದ ಮುಖದ ಕಡೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿಯುತ್ತಾರೆ. ಸುತ್ತುಗಳು ಮೂರು: ಅಬೋಲ್, ತೋನಾ, ಬರಕಾ. ಅದೇ ಪುಡಿಗೆ ಮತ್ತೆ ನೀರು ಹಾಕುವುದರಿಂದ ಸುತ್ತಿನಿಂದ ಸುತ್ತಿಗೆ ಕಾಫಿ ತೆಳುವಾಗುತ್ತದೆ, ಮಾತು ದಟ್ಟವಾಗುತ್ತದೆ. ಮೊದಲ ಬಟ್ಟಲು ಕುಡಿದು, ಫೋಟೋ ತೆಗೆದು ಎದ್ದು ಹೋಗುವವರೇ ಹೆಚ್ಚು. ದಯವಿಟ್ಟು ಏಳಬೇಡಿ. ಮೂರನೆಯದು ಆಶೀರ್ವಾದದ ಬಟ್ಟಲು. ಕಾಫಿ ಸುರಿಯುತ್ತಿದ್ದ ಹುಡುಗಿ ತನ್ನ ಅಜ್ಜಿಯ ಹಳ್ಳಿಯ ಬಗ್ಗೆ, ಅಲ್ಲಿ ಕಾಡಿನ ನೆರಳಲ್ಲಿ ತಾನಾಗಿ ಬೆಳೆಯುವ ಕಾಫಿ ಗಿಡಗಳ ಬಗ್ಗೆ ಬಾಯಿಬಿಟ್ಟದ್ದು ಆ ಹೊತ್ತಿಗೇ.

ಯುರೋಪಿನ ದೇಶಗಳು ಚಲನಚಿತ್ರೋತ್ಸವ ನಡೆಸುತ್ತವೆ, ಬಹುತೇಕ ಉಚಿತ. ನಾನು ಎಸ್ಟೋನಿಯಾ, ಸ್ಲೊವೇನಿಯಾದಂಥ ಪುಟ್ಟ ದೇಶಗಳ ಚಿತ್ರಗಳನ್ನೇ ಆರಿಸಿಕೊಳ್ಳುತ್ತೇನೆ, ದೊಡ್ಡ ದೇಶಗಳದು ಹೇಗೂ ಬೇರೆ ಕಡೆ ಸಿಗುತ್ತದೆ. ಸಾಧ್ಯವಾದರೆ ಆ ದೇಶದವರು ಗುಂಪಾಗಿ ಕೂತಿರುವ ಸಾಲಿನ ಹಿಂದೆ ಕೂರಿ. ಉಪಶೀರ್ಷಿಕೆಯಲ್ಲಿ ನಗುವಂಥದ್ದೇನೂ ಇಲ್ಲದಿದ್ದಾಗ ಅವರು ಗೊಳ್ಳೆಂದು ನಗುತ್ತಾರೆ. ಮಧ್ಯಂತರದಲ್ಲಿ ಕೇಳಿದರೆ ಖುಷಿಯಿಂದ ವಿವರಿಸುತ್ತಾರೆ: ಆ ಪಾತ್ರ ಮಾತಾಡಿದ್ದು ಒಂದು ದ್ವೀಪದ ಧಾಟಿಯಲ್ಲಿ, ಆ ಬಗೆಯ ಅಂಗಿ ಹಾಕುತ್ತಿದ್ದದ್ದು ಸೋವಿಯತ್ ಕಾಲದ ಶಾಲಾ ಮಾಸ್ತರರು, ಹೀಗೆ.

ಸ್ವೀಡನ್ನಿನವರ ಲೂಸಿಯಾ ಹಬ್ಬ ಡಿಸೆಂಬರ್ 13ಕ್ಕೆ, ಬಿಳಿ ನಿಲುವಂಗಿ, ಕೆಂಪು ನಡುಪಟ್ಟಿ, ತಲೆಯ ಮೇಲೆ ಮೋಂಬತ್ತಿಯ ಕಿರೀಟ, ಕೇಸರಿ ಹಾಕಿದ ಬನ್ನು. ಮಾರ್ಚ್ 20 ಫ್ರಾಂಕೊಫೋನಿ ದಿನ, ಅಂದರೆ ಫ್ರೆಂಚ್ ಭಾಷೆಯ ನಂಟಿರುವ ದೇಶಗಳ ದಿನ. ಅವತ್ತು ಸೆನೆಗಲ್, ವಿಯೆಟ್ನಾಂ, ರೊಮೇನಿಯಾ, ಲೆಬನಾನ್ ಒಂದೇ ಸೂರಿನಡಿ ಸಿಗುವುದುಂಟು. ಜೂನ್ 21ರ ಸಂಗೀತೋತ್ಸವ ಫ್ರಾನ್ಸಿನಲ್ಲಿ 1982ರಲ್ಲಿ ಶುರುವಾದದ್ದು, ಈಗ ಎಷ್ಟೋ ದೇಶಗಳ ಬೀದಿಗಳಲ್ಲಿ ನಡೆಯುತ್ತದೆ.

ರಾಯಭಾರ ಕಚೇರಿಯ ಗೇಟಿನೊಳಗೆ ಕಾಲಿಟ್ಟರೆ ಬೇರೆ ದೇಶಕ್ಕೆ ಹೋದಂತೆಯೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲ. ನೆಲ ಆತಿಥೇಯ ದೇಶದ್ದೇ. ಅದೇ ವಿಯೆನ್ನಾ ಒಪ್ಪಂದದ 22ನೇ ವಿಧಿಯಂತೆ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಆತಿಥೇಯ ಸರ್ಕಾರದ ಅಧಿಕಾರಿಗಳೂ ಒಳಗೆ ಹೋಗುವಂತಿಲ್ಲ, ಅಷ್ಟೇ. ಗೇಟಿನಲ್ಲಿ ತಪಾಸಣೆ ಬಿಗಿಯಾಗಿರುತ್ತದೆ. ಹೆಸರು ಮೊದಲೇ ನೋಂದಾಯಿಸಿ, ನೋಂದಣಿಯಲ್ಲಿ ಕೊಟ್ಟ ಹೆಸರೇ ಇರುವ ಗುರುತಿನ ಚೀಟಿ ಒಯ್ಯಿರಿ, ದೊಡ್ಡ ಚೀಲ ಬೇಡ. ಕೆಲವೆಡೆ ಫೋನನ್ನೂ ಗೇಟಿನಲ್ಲೇ ಕೊಡಬೇಕಾಗುತ್ತದೆ. ಪ್ರಕಟಣೆಗಳು ಸಾಮಾನ್ಯವಾಗಿ ರಾಯಭಾರ ಕಚೇರಿಯ ಸಾಮಾಜಿಕ ಜಾಲತಾಣದ ಪುಟದಲ್ಲಿ ಬರುತ್ತವೆ, ಸೀಟುಗಳು ಬೇಗ ತುಂಬುತ್ತವೆ. ರಾಯಭಾರ ಕಚೇರಿ ಇಲ್ಲದ ಊರುಗಳಲ್ಲಿ ಕಾನ್ಸುಲೇಟ್‌ಗಳು, ಫ್ರೆಂಚರ ಅಲಿಯಾನ್ಸ್ ಫ್ರಾನ್ಸೇಸ್, ಜರ್ಮನರ ಗಯಟೆ ಇನ್‌ಸ್ಟಿಟ್ಯೂಟಿನಂಥ ಭಾಷಾ ಸಂಸ್ಕೃತಿ ಕೇಂದ್ರಗಳನ್ನು ವಿಚಾರಿಸಿ. ಮೊದಲ ಭೇಟಿಯಲ್ಲೇ ಸಾಂಸ್ಕೃತಿಕ ವಿಭಾಗದವರನ್ನು ಹುಡುಕಿ, ಆಹ್ವಾನಪಟ್ಟಿಯಲ್ಲಿ ನಿಮ್ಮ ಇಮೇಲ್ ಸೇರಿಸಲು ಕೇಳಿ. ಸಂತೋಷದಿಂದ ಸೇರಿಸುತ್ತಾರೆ.